ಎರಡನೇ ಕುಟೀರ

ಮೂರು ಕುಟೀರಕ್ಕೆ ಐದು ಕೀಲಿ ನನ್ನ ಸೊಂಟದಲ್ಲಿ.
ಉಳಿದೆರಡು ಯಾವ ಬೀಗದವೆಂದು
ನನಗಿಂತ ಮುಂಚೆ ಇದ್ದ ಕೆಂಚರಂಗಯ್ಯನೂ
ತಿಳಿಯದೆಯೇ ರಿಟೈರಾದ.
ಎಸೆಯಲು ಮನಸ್ಸಾಗದು. ಇಲಾಖೆಯ ಕಬ್ಬಿಣ.

ದೇವರಾಯನದುರ್ಗದ ಏರಿಯಲ್ಲಿ ಗೇರು ಬದಲಾದ ಸದ್ದಿಗೇ
ಒಲೆಯ ಮೇಲೆ ಹಂಡೆ ಇಡುತ್ತೇನೆ.
ಇಳಿದವರದು ಎರಡೇ ಪ್ರಶ್ನೆ:
ಬಿಸಿನೀರು ಬರುತ್ತಾ? ಚಿರತೆ ಬರುತ್ತಾ?
ಎರಡಕ್ಕೂ ಒಂದೇ ಉತ್ತರ ಕೊಟ್ಟು ರೂಢಿ:
ಬೆಳಗಿನ ಜಾವ, ಮನಸ್ಸು ಬಂದರೆ.

ಮೊದಲನೇ ಕುಟೀರದ ಕಿಟಕಿಗೆ ತುಮಕೂರಿನ ದೀಪ ಕಾಣುತ್ತವೆ,
ಅದಕ್ಕೇ ಬಾಡಿಗೆ ಇನ್ನೂರು ಹೆಚ್ಚು.
ಮೂರನೆಯದಕ್ಕೆ ಕಾಣುವುದು ಬರೀ ಬಂಡೆ.
ಅಲ್ಲಿ ಮಲಗಿ ಹೋದವರೇ ಮತ್ತೆ ಬರುವುದು, ಯಾಕೋ.

ಕೋತಿಗಳು ನಲ್ಲಿ ತಿರುಗಿಸುವುದು ಕಲಿತಿವೆ,
ನಿಲ್ಲಿಸುವುದು ಕಲಿತಿಲ್ಲ. ಆ ಮಟ್ಟಿಗೆ ಅವೂ
ಭಾನುವಾರದ ಗಿರಾಕಿಗಳೇ.
ಹಾಸಿಗೆ ಕೊಡವಿದಾಗ ಸಿಕ್ಕ ಒಂಟಿ ಓಲೆಯನ್ನು
ದಿನಾಂಕ ಬರೆದು ಡಬ್ಬಿಯಲ್ಲಿಟ್ಟು ಆರು ವರ್ಷ.
ಇನ್ನೊಂದು ಕಿವಿ ಎಲ್ಲಿದೆಯೋ.

ಡಿಸೆಂಬರಿನ ಒಂದು ಮುಂಜಾನೆ
ಎರಡನೇ ಕುಟೀರ ಗುಡಿಸುತ್ತಿದ್ದೆ.
ನೆಲದಡಿಯಿಂದ ಚೀಪುವ ಸದ್ದು.
ಪೊರಕೆ ನಿಲ್ಲಿಸಿದೆ. ಮೂವರನ್ನು ಹೆತ್ತವಳು,
ಅದು ಮರೆತುಹೋಗುವ ಸದ್ದಲ್ಲ.

ಹಿಂದುಗಡೆ ಪಾಯದ ಕಲ್ಲು ಜರುಗಿ
ಬಂಡೆಯ ಸಂದಿಗೆ ಬಾಗಿಲಾಗಿತ್ತು.
ಬಾಗಿಲಲ್ಲಿ ಉದ್ದನೆಯ ಕರಿ ಕೂದಲು,
ಹಿಕ್ಕೆ, ಹಿಕ್ಕೆಯ ತುಂಬ ಎಲಚಿಯ ಬೀಜ.
ದಿಬ್ಬದ ಹುತ್ತಗಳನ್ನೆಲ್ಲ ಯಾರು ಬಗೆದರೆಂದು
ಆಗ ಗೊತ್ತಾಯಿತು.

ಹೇಳಿದರೆ ಬೋನು ಬರುತ್ತದೆ, ಪಟಾಕಿ ಬರುತ್ತದೆ,
ಮೊಬೈಲು ಹಿಡಿದು ಅರ್ಧ ಊರು ಬರುತ್ತದೆ.
ಹೇಳದಿದ್ದರೆ ಹೊಸ ವರ್ಷಕ್ಕೆ ದುಡ್ಡು ಕಟ್ಟಿದವರು,
ಏಳು ಜನ, ಬರುತ್ತಾರೆ.
ಎರಡು ದಿನ ಅನ್ನ ಸೇರಲಿಲ್ಲ.

ರೇಂಜರ್ ಮೇಡಂಗೆ ಫೋನು ಮಾಡಿದೆ.
ಎರಡನೆಯದರ ಪೈಪು ಒಡೆದಿದೆ ಮೇಡಂ.
ರಿಪೇರಿಗೆ ಎಷ್ಟು ದಿನ ಬೇಕು, ಚಿತ್ತಮ್ಮ?
ಕಣ್ಣು ಬಿಟ್ಟು, ತಾಯಿ ಬೆನ್ನು ಹತ್ತೋ ತನಕ,
ಅಂದುಬಿಟ್ಟೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿ.
ಆಮೇಲೆ ಮೇಡಂ: ರಿಜಿಸ್ಟರಿನಲ್ಲಿ
ಪೈಪು ಅಂತಲೇ ಬರೀರಿ.

ಬರೆದೆ. ಅಕ್ಷರ ವಾಲಿತು.
ಜೀಪಿನ ಮೆಹಬೂಬನೂ ನಾನೂ
ಜಾಲಿಮುಳ್ಳು ಕಡಿದು ದಾರಿಗೆ ಅಡ್ಡ ಹಾಕಿದೆವು.
ಕೈಯೆಲ್ಲ ಗೀರು.
ಮುಳ್ಳು ಯಾಕಣ್ಣ ಅಂದವರಿಗೆ
ಅವನೂ ಪೈಪು ಅಂದ.

ಏಳು ಜನ ಬಂದರು. ದಪ್ಪ ಮೀಸೆಯ ಒಬ್ಬರು
ನಾವು ಯಾರ ಕಡೆಯವರು ಗೊತ್ತಾ ಎಂದು ಕೂಗಾಡಿ
ಕೊನೆಗೆ ಮೂರನೆಯದರಲ್ಲಿ ಒತ್ತಾಗಿ ಮಲಗಿದರು.
ಅವರ ಜೊತೆಗಿದ್ದ ಹುಡುಗಿ ಮಾತ್ರ
ಹಲ್ಲುಜ್ಜುತ್ತ ಮುಳ್ಳಿನ ಈಚೆ ನಿಂತು ಕೇಳಿದಳು,
ಅಜ್ಜೀ, ಪೈಪು ಯಾಕೆ ಗುನುಗುತ್ತೆ?
ಒಳಗೆ ನೀರು ಮಲಗಿದೆ ಮಗಾ, ಅಂದೆ.
ನಂಬಲಿಲ್ಲ. ಆದರೆ ಪಿಸುಮಾತಿಗಿಳಿದಳು.

ಶಿವರಾತ್ರಿ ಕಳೆದ ಮೇಲೆ, ಇನ್ನೂ ಮಬ್ಬು,
ಹಂಡೆಗೆ ಸೌದೆ ಒಟ್ಟುವಾಗ ಕಂಡೆ.
ಬಂದರೆ ಗಿಡಗಳ ನಡುವೆ ತಲೆ ತಗ್ಗಿಸಿ ಹೊರಟಿದ್ದಳು,
ಸಂತೆಗೆ ತಡವಾದವಳ ನಡಿಗೆ.
ಬೆನ್ನ ಮೇಲೆ ಎರಡು ಕಪ್ಪು ಗಂಟು.
ಒಂದು ಗಂಟು ಹಿಂತಿರುಗಿ ನೋಡಿತು.
ಬಾಡಿಗೆ ಬಾಕಿ ಎಂಬತ್ತು ದಿನದ್ದು.

ಮೆಹಬೂಬ ಸಿಮೆಂಟು ತಂದಿಟ್ಟಿದ್ದಾನೆ,
ಪಾಯದ ಕಲ್ಲು ಕೂರಿಸಬೇಕು.
ಮಳೆ ಶುರುವಾದರೆ ಮೂಟೆ ಕಲ್ಲಾಗುತ್ತೆ ಅಕ್ಕ,
ಎಂದು ದಿನಾ ಗೊಣಗುತ್ತಾನೆ.
ಆಗಲಿ ಬಿಡು ಅನ್ನುತ್ತೇನೆ,
ನಾಳೆ ನೋಡೋಣ.