ಒಂದು ದಿನದ ಬಾಡಿಗಿ

ಮುಂಜಾನೆ ಎಂಟಕ್ಕ ಸುರು, ಸಂಜಿ ಎಂಟಕ್ಕ ಮುಗೀತು.
ಡೀಸೆಲ್ ನಂದು, ಊಟ ನಿಮ್ಮದು,
ಗುಡಿ, ಗವಿ, ಹೊಂಡ, ಎಲ್ಲಾದರ ಕಥಿ ಪುಕ್ಕಟೆ.
ಆಕಿ ನಕ್ಕಳು. ಎಪ್ಪತ್ತರ ಮ್ಯಾಲಿನ ವಯಸ್ಸು,
ಗಟ್ಟಿ ಬೂಟು, ಹೆಗಲಿಗೆ ನಮ್ಮ ಸಂತಿ ಚೀಲ.
ಹೆಸರು ಗೆರ್ಲಿಂಡೆ. ನನ್ನ ನಾಲಿಗಿ ಎರಡು ಸಲ ಎಡವಿ
ಗಿರಿಜವ್ವ ಅಂದುಬಿಟ್ಟಿತು.
ಇರಲಿ, ಅಂದಳು, ಇದ ಹಗುರ ಐತಿ.

ಬಾದಾಮಿ ಹೊಂಡದ ಪಾವಟಿಗಿ ಮ್ಯಾಲ
ಹೆಣ್ಮಕ್ಕಳು ಕೌದಿ ಒಗೀತಿದ್ರು. ಬಡಿದ ಸಪ್ಪಳ
ಕೆಂಪು ಗುಡ್ಡಕ್ಕ ಹೋಗಿ ಎರಡಾಗಿ ಬರ್ತಿತ್ತು.
ನಾನು ಬಾಯಿಪಾಠ ಸುರು ಮಾಡಿದೆ:
ಇಲ್ಲೇ ರಾಣಿ ಬೆಳದಿಂಗಳಾಗ ಈಸ ಬೀಳತಿದ್ಲು...
ಆಕಿ ಕೈ ಎತ್ತಿದಳು.
"ದಿನಕ್ಕ ಎಷ್ಟು ಸುಳ್ಳು ಹೇಳತಿ?"
ಬೆರಳು ಮಡಚಿ ಎಣಿಸಿದೆ. ಮೂರು. ದೀಪಾವಳಿ ರಜಾದಾಗ ನಾಕು.
"ನಾನು ಐದು ಹೇಳತಿದ್ದೆ," ಅಂದಳು ಗಿರಿಜವ್ವ,
"ನಲವತ್ತು ವರ್ಷ, ನಮ್ಮೂರಾಗ, ಇದ ಕೆಲಸ."

ಆಲ್ಪ್ಸ್ ಗುಡ್ಡದ ಬುಡಕ್ಕ ಆಕಿ ಊರು.
ಮುಂದ ಕೆರಿ, ಹಿಂದ ಗುಡ್ಡ, ನಡುವ
ಒಬ್ಬರ ಮಾಳಿಗಿ ಮಟ್ಟಕ್ಕ ಇನ್ನೊಬ್ಬರ ಹೊಸ್ತಿಲು.
ಬಸ್ಸು ತುಂಬಿ ಬರತಾರ, ಮೂರು ತಾಸು ಇರತಾರ,
ಕೆರಿಗೆ ಬೆನ್ನ ಮಾಡಿ ನಿಂತು ಕೆರಿ ಫೋಟೋ ತಗೀತಾರ.
ಆಕಿ ಒಣಹಾಕಿದ ಲಂಗದ್ದೂ ತಗದಾರ,
ಯಾವ ದೇಶದ ಯಾವ ಗ್ವಾಡಿ ಮ್ಯಾಲ ತೂಗತೈತೋ ಅದು.
ಮಣ್ಣು ಕಡಿಮಿ. ಸತ್ತವರೂ ಬಾಡಿಗಿ ಮಂದಿ.
ಹದಿನೈದು ವರ್ಷಕ್ಕ ಎಬ್ಬಿಸಿ, ಬುರುಡಿ ಬಿಸಿಲಿಗಿಟ್ಟು,
ಹಣಿ ಮ್ಯಾಲ ಹೆಸರು ಬರದು, ಹೂಬಳ್ಳಿ ತಗದು
ಹಲಗಿ ಮ್ಯಾಲ ಸಾಲಾಗಿ ಹೊಂದಸ್ತಿದ್ರಂತ.
"ನಮ್ಮಪ್ಪನ ಹಣಿಗೆ ಬಳ್ಳಿ ತಗದಾಕಿ ನಾನ.
ಅದನ್ನೂ ತೋರಿಸೀನಿ, ಟಿಕೀಟು ಹರದು."

ಒಂದು ಮಂಗ್ಯಾ ಬಂದು ಆಕಿ ಬಿಸ್ಕೀಟು ಒಯ್ತು.
"ಈಗ ನಿನ್ನ ಊರು ತೋರಸು."
ಲಿಸ್ಟಿನ್ಯಾಗ ಇಲ್ಲ, ಅಂದೆ.
"ಅದಕ್ಕ."

ಬಾಗಲಕೋಟಿ ಹಾದಿ ಹಿಡದು, ಕಬ್ಬಿನ ಟ್ರ್ಯಾಕ್ಟರ್ ದಾಟಿ,
ಹಿನ್ನೀರ ದಂಡಿಗೆ ಬಂದ್ವಿ.
ರಸ್ತೆ ಡಾಂಬರ ಸಮೇತ ನೆಟ್ಟಗ ನೀರಿಗಿಳಿದಿತ್ತು,
ಕಡೀ ಬಸ್ಸು ಇನ್ನೂ ಬರೋದೈತಿ ಅನ್ನೂ ಹಂಗ.
ಮಾರ್ಗಶಿರ. ಹೊಳಿ ತುಂಬಿತ್ತು.
ಒಂದು ಗ್ವಾಡಿ ತುದೀನೂ ಕಾಣಲಿಲ್ಲ.

ಆದರೂ ನಾನು ಗೈಡು. ಕೈ ಮಾಡಿದೆ.
ಆ ತೆಪ್ಪ ನಿಂತದ್ದು ಹಿಟ್ಟಿನ ಗಿರಣಿ ಮ್ಯಾಲ.
ಅದರಾಚಿ ಸಾಲಿ, ನಾಕು ಈಯತ್ತೆಕ್ಕ ಒಂದ ಖೋಲಿ.
ಇಲ್ಲಿ ಎಡಕ್ಕ ತಿರುಗಬೇಕು,
ಹುಷಾರು, ದಾನವ್ವನ ನಾಯಿ ಕಡೀತೈತಿ.
ಗಿರಿಜವ್ವ ಬೂಟಿನ ಕಾಲು ಹಿಂದಕ್ಕ ತಗೊಂಡಳು.

ಮತ್ತ ಅಲ್ಲಿ, ನೀರು ಹೊಳೀತೈತಲ್ಲ, ಅಲ್ಲಿ ನಮ್ಮವ್ವ.
ನಮ್ಮ ಮಂದಿ ಮಲಗಸೂದಿಲ್ಲ, ಕುಂಡ್ರಸತೀವಿ.
ಅಂಗೈಯಾಗ ಲಿಂಗ, ಹಣಿಗೆ ವಿಭೂತಿ,
ಬಸ್‌ಸ್ಟ್ಯಾಂಡಿನ್ಯಾಗ ಕುಂತಂಗ ಕುಂತಾಳ,
ಇಪ್ಪತ್ತಾರು ವರ್ಷ ಆತು.
ಮನಿಗೆ ಪರಿಹಾರ ಬಂತು. ಬೇವಿನ ಗಿಡಕ್ಕೂ ಬಂತು.
ಕುಂತಾಕಿನ್ನ ಬರಕೊಳ್ಳಾಕ
ಅವರ ಫಾರ್ಮಿನ್ಯಾಗ ಕಾಲಮ್ ಇರಲಿಲ್ಲ.

ಪಂಪ್‌ಸೆಟ್ ಒಂದ ಸವನ ಬಡಕೋತಿತ್ತು.
ಆಕಿ ಕೇಳಿದಳು, ಗೈಡು ಗೈಡಿಗೆ ಕೇಳೂ ಹಂಗ:
"ಇದರಾಗ ಸುಳ್ಳು ಎಷ್ಟು?"
"ನಾಯಿ," ಅಂದೆ. "ಅದು ಕಡೀತಿದ್ದಿಲ್ಲ."

ಬಾನೆಟ್ ಮ್ಯಾಲ ಬುತ್ತಿ ಬಿಚ್ಚಿದ್ವಿ.
ಕಟಗ ರೊಟ್ಟಿ ಮುರದ ಸಪ್ಪಳಕ್ಕ
ಒಂದು ಕೊಕ್ಕರೆ ಎದ್ದು, ಗಿರಣಿ ದಾಟಿ, ಸಾಲಿ ದಾಟಿ
ಎಲ್ಲೋ ಇಳೀತು.

ರಾತ್ರಿ ಬಿಲ್ಲಿನ್ಯಾಗ 'ನೋಡಿದ ಸ್ಥಳ' ಅನ್ನೂ ಗೆರಿ ಮ್ಯಾಲ
ಕಂಚನೂರ ಅಂತ ಬರದೆ.
ಬರದು ಎಷ್ಟು ದಿನ ಆಗಿತ್ತೋ, ಕೊಂಬು ಸೊಟ್ಟ ಬಂತು.
ಟ್ರಾವೆಲ್ಸ್ ಮಾಲಕ ನಾಗಠಾಣ ಚಷ್ಮಾ ಏರಿಸಿ ಕೇಳಿದ:
"ಎಲ್ಲಿ ಬರತೈತೋ ಗದಿಗೆಪ್ಪಾ ಇದು?
ಕಿಲೋಮೀಟರ್ ಎಷ್ಟು ಹಿಡೀಲಿ?"

ದಂಡಿ ತನಕ ನಲವತ್ತೊಂದು, ಅಂದೆ.
ಮುಂದಿಂದು ಹಿಡೀಬ್ಯಾಡರಿ. ಗಾಡಿ ಹೋಗಿಲ್ಲ.