ಉಪ್ಪಿನ ಕೈ

ಬೆಳಗಿನ ಆರೂಕಾಲಿನ ಕುಮಟೆ ಬಸ್ಸಿನಲ್ಲಿ
ಬಾಗಿಲ ಹಿಂದಿನ ಸೀಟು ನನ್ನದೇ.
ಎಲ್ಲಿಗೆ ಎಂದು ಕಂಡಕ್ಟರ್ ಕೇಳುವುದಿಲ್ಲ.
ವಾರಕ್ಕೆ ಮೂರು ಸಲ, ಎರಡು ವರುಷ.
ಇಷ್ಟು ನೇಮದಿಂದ ದೇವರಿಗೂ ಕೈಮುಗಿದವಳಲ್ಲ ನಾನು.

ಮೊದಲು ತೂಕ.
ಸಾಣಿಕಟ್ಟೆಯ ಆಗರದಲ್ಲಿ ಇಪ್ಪತ್ತೇಳು ಬೇಸಿಗೆ
ಉಪ್ಪು ತುಂಬಿ ತಕ್ಕಡಿಗೆ ಏರಿಸಿದವಳು
ಈಗ ನಾನೇ ಚೀಲ.
“ಎರಡೂವರೆ ಕೆಜಿ ನೀರು ಏರಿದೆ ಹೊನ್ನಮ್ಮಾ, ಕದ್ದು ಕುಡಿದ್ಯಾ?”
ಕೈತಾನ ನಗುತ್ತಾನೆ, ಸೂಜಿಗೆ ಜಾಗ ಹುಡುಕುತ್ತ.
ಕುಡಿದೆ ಮಾರಾಯಾ.
ನಿನ್ನೆ ಎಂಥಾ ಸೆಕೆ!

ಮನೆಯ ಮೂರು ದಿಕ್ಕಿಗೂ ನೀರು:
ಗಜನಿಯದು, ಅಘನಾಶಿನಿಯದು, ಅದರಾಚೆ ಕಡಲು.
ನಡುವೆ ನಾನು
ಗೀರು ಹಾಕಿದ ಬಾಟಲಿ ಹಿಡಿದು
ಗುಟುಕು ಎಣಿಸುತ್ತ ಕೂತಿರುತ್ತೇನೆ.
ನೋಡಲು ಬಂದವರ ಕೈಯಲ್ಲಿ ಎಳನೀರು.
ಅದು ನನಗಾಗದು ಎಂದರೆ ಅವರ ಮುಖ ಬಾಡುತ್ತದೆ,
ಅದಕ್ಕೇ “ಇಡಿ” ಅನ್ನುತ್ತೇನೆ.
ಪಕ್ಕದ ಮನೆಯ ಮಾಸ್ತಿಯ ಮಕ್ಕಳು
ಎರಡು ವರುಷದಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿದ್ದಾರೆ.

ಯಂತ್ರಕ್ಕೆ ಜಂತ್ರಡಿ ಎಂದು ಹೆಸರಿಟ್ಟವಳು ನಾನು.
ಭರತದಲ್ಲಿ ಒಳಗೆ ಬಂದ ನೀರನ್ನು
ಇಳಿತದಲ್ಲಿ ಹೊರಗೆ ಬಿಡುವ ಹಲಗೆಬಾಗಿಲು.
ನನ್ನದು ತುಕ್ಕು ಹಿಡಿಯಿತು,
ಕುಮಟೆಯದು ಬಾಡಿಗೆಗೆ.
ಪಕ್ಕದ ಮಂಚದ ಸುಲೋಚನಾ ಶಾನಭಾಗ, ಹೊಲಿಗೆ ಟೀಚರು,
ಇದಕ್ಕೆ ಎಷ್ಟು ನಕ್ಕರೆಂದರೆ
ಅವರ ಯಂತ್ರ ಪೀಂ ಪೀಂ ಎಂದು ಕೂಗಿಕೊಂಡಿತು.

ಹೋದ ಮಂಗಳವಾರ ಆ ಮಂಚಕ್ಕೆ ಹೊಸ ಹಾಸು.
ನಾನು ಕೇಳಲಿಲ್ಲ. ಕೈತಾನ ಹೇಳಲಿಲ್ಲ.
ನಾಲ್ಕು ತಾಸು ಫ್ಯಾನು ತಿರುಗಿತು.

ಅದೇ ದಿನವೇ ಬರಬೇಕೆ
ಕಾರವಾರದಿಂದ ಫಾರಂ ಹಿಡಿದ ಹುಡುಗಿ?
“ಅಮ್ಮಾ, ನಿಮ್ಮ ನೆಮ್ಮದಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?”
ಶಾಲೆ ಮೆಟ್ಟಿಲು ಹತ್ತಿದವಳಲ್ಲ,
ಯಾರಿಗೂ ಅಂಕ ಕೊಟ್ಟವಳಲ್ಲ.
“ನೋವು? ನಿದ್ದೆ?
ಮನೆಯವರು ಚೆನ್ನಾಗಿ ನೋಡ್ಕೊಳ್ತಾರಾ?”
ಚೆನ್ನಾಗಿ.
ಅದೇ ತಂಗೀ, ಕಷ್ಟ.

ನನಗೆ ಉಪ್ಪು ಕೂಡದೆಂದು ಅವರೂ ಬಿಟ್ಟರು.
ಮಗ, ಸೊಸೆ, ಆ ಕೂಸು ತನುಜಾ ಕೂಡ
ಸಪ್ಪೆ ಸಾರು ಕಲಸಿ ತಲೆ ತಗ್ಗಿಸಿ ಉಣ್ಣುತ್ತಾರೆ.
ಒಣಮೀನು ಸುಟ್ಟ ವಾಸನೆಯಿಲ್ಲ,
ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ,
ಜಗಳವೂ ಇಲ್ಲ, ಸೂತಕದ ಮನೆಯ ಹಾಗೆ.
ನಾನಿನ್ನೂ ಇದ್ದೇನಲ್ಲ, ಮಕ್ಕಳೇ.

ಆ ರಾತ್ರಿ ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿದೆ.
ಬಂಗಡೆ ಸಾರು ಕುದಿಯುತ್ತಿತ್ತು,
ಜುಮ್ಮನಕಾಯಿ ಆಗಲೇ ಬಿದ್ದಿತ್ತು.
ನನ್ನ ಪಾಲು ಸಣ್ಣ ಬೋಗುಣಿಗೆ ತೆಗೆದಿಟ್ಟು
ಉಳಿದುದಕ್ಕೆ ಕಲ್ಲುಪ್ಪು.
ರುಚಿ ನೋಡಲಿಲ್ಲ, ನೋಡುವಂತಿಲ್ಲ.
ಈ ಮೂರು ಬೆರಳಿಗೆ ಗೊತ್ತು,
ಉಪ್ಪೇ ಸೀಳಿದ ಬೆರಳು.

ಮಗ ಒಂದು ತುತ್ತು ಬಾಯಿಗಿಟ್ಟ. ತಡೆದ.
ಇನ್ನೊಂದು.
“ಅವ್ವೇ” ಅಂದ, ಅಷ್ಟೇ,
ಬಟ್ಟಲು ಮತ್ತೆ ಮುಂದೆ ಚಾಚಿದ.
ಸೊಸೆ ಸೆರಗಿನಿಂದ ಮೂಗು ಒರೆಸಿಕೊಂಡಳು,
ಖಾರ ಜಾಸ್ತಿಯಾಯಿತೆಂದು ನನ್ನನ್ನೇ ಬೈದಳು.
ಎಷ್ಟು ದಿನವಾಗಿತ್ತು
ನನ್ನನ್ನು ಯಾರಾದರೂ ಬೈದು!
ನನ್ನ ಸಪ್ಪೆ ಅನ್ನ
ಗಂಟಲಲ್ಲಿ ಸಲೀಸಾಗಿ ಇಳಿಯಿತು.

ಆ ಹುಡುಗಿ ಇನ್ನೊಮ್ಮೆ ಬಂದರೆ
ನೋವಿಗೆ ಆರು ಬರಿ ಅನ್ನುತ್ತೇನೆ, ನಿದ್ದೆಗೆ ಎರಡು.
ಮೂರನೆಯದಕ್ಕೆ
ಬಂಗಡೆಯ ಕಾಲದಲ್ಲಿ ಮನೆಗೇ ಬಾ.

ಎಡಗೈಯಲ್ಲಿ ನಾಳ ಜೋಡಿಸಿದ ಜಾಗ
ರಾತ್ರಿಯಿಡೀ ಗುಂಯ್ ಎನ್ನುತ್ತದೆ.
ತನುಜಾ ಅದರ ಮೇಲೆ ಕಿವಿಯಿಟ್ಟು ಮಲಗುತ್ತಾಳೆ.
“ಅಜ್ಜೀ, ಒಳಗೆ ಇಂಜಿನ್ ದೋಣಿ ಹೋಗ್ತಾ ಇದೆ.”
ಹೋಗಲಿ ಬಿಡೇ.
ನೀನು ಮಲಗು.