ಬಾಗಿಲು ತೆರೆದೇ ಇರಬೇಕು

ನಿಯಮ ಹಾಗೆ. ಬಾಗಿಲು ತೆರೆದೇ ಇರಬೇಕು.
ಅಂಗಿ ಎದೆಯವರೆಗೆ ಮೇಲೆ, ಚಡ್ಡಿ ಮಂಡಿಯವರೆಗೆ ಕೆಳಗೆ,
ತೋಳು ಮೊಣಕೈತನಕ ಬರಿದು.
ಮೈಯಿಂದ ಹೊರಟದ್ದು ಲೋಟಕ್ಕೆ ಬೀಳುವುದನ್ನು
ನಾನು ಕಣ್ಣಾರೆ ಕಾಣಬೇಕು,
ಕಂಡೆ ಎಂದು ಸಹಿ ಹಾಕಬೇಕು.
ದಿನಕ್ಕೆ ಎಂಟುನೂರು ರೂಪಾಯಿ. ಊಟ ಅವರದೇ.

ವಾರದ ಆರು ದಿನ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸು ನಾನು.
ಇನ್ನು ನೋಡದೆ ಉಳಿದದ್ದೇನಿದೆ
ಅಂದುಕೊಂಡಿದ್ದೆ.

ಅವಳು ಆಗಷ್ಟೇ ಗೆದ್ದು ಬಂದಿದ್ದಳು.
ದೊಡ್ಡಕೆರೆ ಮೈದಾನದ ಶಿಳ್ಳೆ ಬೆನ್ನಿಗಂಟಿಕೊಂಡೇ ಇತ್ತು,
ಕೆಮ್ಮಣ್ಣಿನ ಹಾಗೆ.
ಎಡಗಿವಿ ಉಬ್ಬಿ ಮಡಚಿ ಹೋಗಿ
ಓಲೆ ಹಾಕಲು ಜಾಗವಿಲ್ಲ.
ಮಂಡ್ಯದ ಕಡೆಯ ಹುಡುಗಿ. ಹೆಸರು ಬೇಡ.

"ಬರ್ತಿಲ್ಲ ಕಣಕ್ಕ."
ತೂಕಕ್ಕೆಂದು ಬೆಳಗಿನಿಂದ ಹನಿ ನೀರು ಮುಟ್ಟಿಲ್ಲವಂತೆ,
ರಾತ್ರಿ ಸ್ವೆಟರಿನ ಮೇಲೆ ಸ್ವೆಟರು ಹಾಕಿ ಓಡಿದಳಂತೆ,
ಉಗುಳಿ ಉಗುಳಿಯೇ ನೂರು ಗ್ರಾಂ ಇಳಿಸಿದಳಂತೆ.
ಮುಚ್ಚಳ ಒಡೆಯದ ನೀರಿನ ಬಾಟಲಿ ಕೊಟ್ಟೆ. ಎರಡು. ಮೂರು.
ಒಂದೂವರೆ ಗಂಟೆ ನಾವಿಬ್ಬರೂ
ಆ ಬಿಳಿ ಟೈಲ್ಸಿನ ನಡುವೆ ಕೂತೆವು, ನಿಂತೆವು.
ನಲ್ಲಿ ಬಿಟ್ಟೆ, ಸದ್ದಿಗಾದರೂ ಬರಲಿ ಎಂದು.
ಚಿಕ್ಕಂದಿನಲ್ಲಿ ಅಮ್ಮ ಜಗಲಿಯ ಅಂಚಿಗೆ ಕೂರಿಸಿ
"ಶ್ಶ್..." ಅನ್ನುತ್ತಿದ್ದಳಲ್ಲ,
ನಾನೂ ಹಾಗೇ ಅಂದೆ.
ಅವಳಿಗೆ ನಗು ಬಂತು. ಆಮೇಲೆ ಅದೂ ಬಂತು.

ಎರಡು ಸೀಸೆಗೆ ಅವಳೇ ಸುರಿದಳು,
ಅವಳೇ ಬಿರಡೆ ತಿರುಗಿಸಿದಳು, ಕಟಕಟ ಕಟಕಟ,
ಇನ್ನು ತಿರುಗದು ಅನ್ನುವವರೆಗೆ.
ಕಳೆದ ಏಳು ದಿನ ನುಂಗಿದ ಮದ್ದೆಲ್ಲ ಬರೆಯಿರಿ,
ಅನ್ನುತ್ತದೆ ಫಾರಂ.
ಬಾದಾಮಿ ಎಂದು ಬರೆದು, ಅದು ಮದ್ದಲ್ಲವೆಂದು ಹೊಡೆದು ಹಾಕಿದಳು.
ಪೆನ್ನು ಕಚ್ಚಿದಳು.
"ಅಕ್ಕ, ಗದ್ದದ ಕೂದಲಿಗೆ ಅಂತ ಡಾಕ್ಟ್ರು ಒಂದು ಮಾತ್ರೆ ಕೊಟ್ಟವ್ರೆ.
ಮನೇಲೂ ಗೊತ್ತಿಲ್ಲ. ಬರೀಲೇಬೇಕಾ?"
ಯಾರೂ ನೋಡಲ್ಲ, ಅಂದೆ.
ಹೆಸರು ಹೋಗಲ್ಲ, ಬರೀ ನಂಬರು.
ಕೊನೆಯ ಬೆಂಚಿನವರು ಬರೆಯುವ ಹಾಗೆ
ಕೈ ಅಡ್ಡ ಇಟ್ಟುಕೊಂಡು ಬರೆದಳು.

ಮೂರನೇ ವಾರ ನಂಬರಿಗೆ ಹೆಸರು ಬಂತು.
ಊರು ಬಂತು, ತಾಲ್ಲೂಕು ಬಂತು, ಮಾತ್ರೆ ಬಂತು,
ಕೈ ಎತ್ತಿ ನಿಂತ ಫೋಟೋ ಬಂತು, ಮೂರು ಕಾಲಂ.
ಎರಡನೇ ಸೀಸೆಯನ್ನು ಇನ್ನೂ ಯಾರೂ ತೆರೆದೇ ಇರಲಿಲ್ಲ.
ಅಗ್ರಹಾರದ ಟೀ ಅಂಗಡಿಯಲ್ಲಿ
ಬನ್ನು ಅದ್ದುತ್ತಾ ಒಬ್ಬ ಅಂದನಂತೆ:
ಗದ್ದದಲ್ಲಿ ಕೂದಲು ಅಂದ್ರೆ ಹೆಣ್ಣು ಹೌದೋ ಅಲ್ಲವೋ ಮೊದಲು ನೋಡಿ.

ಆ ಮಾತ್ರೆ ಮೈಯ ನೀರನ್ನೂ ಇಳಿಸುತ್ತದೆ.
ತೂಕ ಇಳಿಸುತ್ತದೆ, ಬೇರೆ ಮದ್ದಿನ ಗುರುತನ್ನು ತೆಳುವು ಮಾಡುತ್ತದೆ.
ಅದೂ ನಿಜ, ನರ್ಸಿಗೆ ಗೊತ್ತು.
ಗದ್ದ ಯಾವುದು ತಕ್ಕಡಿ ಯಾವುದು
ಮಾತ್ರೆಗೆ ಗೊತ್ತಿಲ್ಲ.
ಅವಳು ಯಾವುದಕ್ಕೆ ನುಂಗಿದಳೋ ನನಗೂ ಗೊತ್ತಿಲ್ಲ.
ಸೋತವಳ ಅಪ್ಪ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಂಡಿಯ ಹಮಾಲಿ,
ಆಫೀಸಿನ ಮೆಟ್ಟಿಲ ಮೇಲೆ ಕೂತು ಕೇಳಿದ:
ನನ್ನ ಮಗಳ ಭುಜ ಕಳಚಿತಲ್ಲ, ಅದನ್ಯಾರು ಪರೀಕ್ಷೆ ಮಾಡ್ತಾರೆ?
ಅವನಿಗೂ ನನ್ನಲ್ಲಿ ಉತ್ತರವಿರಲಿಲ್ಲ.

ವಿಚಾರಣೆಗೆ ಕರೆದರು. ನಂಬರು ಬಲ್ಲವರು ಐದು ಜನ.
ನಾನು ಯಾರಿಗೂ ಹೆಸರು ಹೇಳಿಲ್ಲ, ಅಂದೆ.
ಹೇಳಿರಲಿಲ್ಲ.
ಆ ರಾತ್ರಿ ಮುದ್ದೆ ಮುರಿಯುತ್ತಾ
ನಮ್ಮವರ ಹತ್ತಿರ ಅಂದದ್ದು ಇಷ್ಟೇ:
ಪಾಪ, ಎಂಥ ಗಟ್ಟಿ ಹುಡುಗಿ,
ಗದ್ದಕ್ಕೆ ಮಾತ್ರೆ ತಗೊಳ್ತಾಳಂತೆ,
ಆ ಕಿವಿ ನೋಡಬೇಕಿತ್ತು ನೀವು.

ನಮ್ಮವರು ಅಗ್ರಹಾರದಲ್ಲಿ ಟೀ ಕುಡಿಯುವವರು.

ಈಗ ನಿಮಗೂ ಕಿವಿ ಹೇಳಿಬಿಟ್ಟೆ. ಮಂಡ್ಯದ ಕಡೆ ಅಂತಲೂ.

ಈ ಸಲದ ದಸರೆಗೆ ಇನ್ನೊಬ್ಬಳು, ಇನ್ನೂ ಚಿಕ್ಕವಳು,
ಗೋಡೆಗೆ ಮುಖ ಮಾಡಿ ನಿಂತಳು.
ಇತ್ತ ತಿರುಗು ಮಗು, ನಿಯಮ, ಅಂದೆ.
ನಲ್ಲಿ ಬಿಟ್ಟೆ.
ಶ್ಶ್ ಅನ್ನಲು ತುಟಿ ಕೂಡಿಸಿದೆ.
ಬರಲಿಲ್ಲ.